ಆವರಣದೊಳಗಿನ ಐದು

ನಮಸ್ಕಾರ.

ಎಸ್ಟೋನಿಯಾದ ನಗರ ಇತಿಹಾಸಕಾರ ರೈಮೊ ಪುಲ್ಲಾತ್ ಕುರಿತ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲಾರೆ. ಹಾಗಂತ ಕೈಬಿಡಬೇಡಿ, ಇಷ್ಟು ದೂರದ ವಿಷಯ ಹುಡುಕಿಕೊಂಡು ಹೋಗುವವರು ನಮ್ಮಲ್ಲಿ ಕಡಿಮೆ.

1935ರಲ್ಲಿ ರಾಜಧಾನಿ ಟಾಲಿನ್‌ನಲ್ಲಿ ಜನನ, ಆಮೇಲೆ ಪದವಿ, ಹುದ್ದೆ, ಗೌರವ, ಪುಸ್ತಕಗಳ ಹೆಸರು. ಸನ್ಮಾನ ಸಮಾರಂಭದ ಪರಿಚಯ ಭಾಷಣದ ಹಾಗಾಗಿದೆ. ಆ ಮನುಷ್ಯ ಮೇಜಿನ ಮುಂದೆ ಕೂತು ಓದುತ್ತಿದ್ದದ್ದೇನು? ಮೂರನೇ ಪುಟದಲ್ಲಿ ‘ಮೃತರ ಸೊತ್ತಿನ ಪಟ್ಟಿಗಳನ್ನು ಸಂಪಾದಿಸಿದರು’ ಎಂದು ಒಂದೇ ಸಾಲು ಬರೆದು ಮುಂದೆ ಹೋಗಿದ್ದೀರಿ. ನಿಮ್ಮ ಲೇಖನ ಶುರುವಾಗಬೇಕಾದದ್ದು ಅಲ್ಲಿಂದ.

1710ರ ಪ್ಲೇಗಿನ ನಂತರ ಟಾಲಿನ್‌ನಲ್ಲಿ ಉಳಿದವರು ಹೆಚ್ಚುಕಡಿಮೆ 2,000 ಜನ. ಅದೇ ವರ್ಷ ಊರು ಸ್ವೀಡನ್ನಿನ ಕೈತಪ್ಪಿ ರಷ್ಯಾದ ಪಾಲಾಯಿತು. ಬರಿದಾದ ಆ ಊರು ಮತ್ತೆ ತುಂಬಿಕೊಂಡದ್ದು ಹೇಗೆ, ಅಲ್ಲಿ ಬದುಕಿದವರ ಮನೆಯೊಳಗೆ ಏನಿತ್ತು? ಇದು ಪುಲ್ಲಾತ್ ಬೆನ್ನುಹತ್ತಿದ ಪ್ರಶ್ನೆ. ವ್ಯಾಪಾರಿಯೋ ಕುಶಲಕರ್ಮಿಯೋ ಸತ್ತಾಗ ಅವನ ಪಾತ್ರೆ, ಬಟ್ಟೆ, ಪುಸ್ತಕ, ಉಪಕರಣ, ಸಾಲ ಎಲ್ಲವನ್ನೂ ಜರ್ಮನ್ ಭಾಷೆಯಲ್ಲಿ ಬರೆದಿಡುತ್ತಿದ್ದರು. ನಮ್ಮ ಕಡೆಯ ಮಹಜರಿನ ಹಾಗೆ. ಹದಿನೆಂಟನೆಯ ಶತಮಾನದ ಇಂಥ ಪಟ್ಟಿಗಳನ್ನು ಅವರು ಟಾಲಿನ್‌ಗೂ ಎಸ್ಟೋನಿಯಾದ ಇನ್ನೊಂದು ಊರಾದ ಪಾರ್ನುವಿಗೂ ಸಂಪುಟಗಳಾಗಿ ಅಚ್ಚುಹಾಕಿಸಿದರು. ಅಂಥ ಒಂದೇ ಒಂದು ಪಟ್ಟಿಯನ್ನು ಓದುಗರ ಮುಂದೆ ಹರಡಿ. ‘ಮಹಾನ್ ಸಂಶೋಧಕ’ ಎಂದು ನೀವು ಐದು ಕಡೆ ಬರೆದಿದ್ದೀರಿ. ಆಮೇಲೆ ಅದರ ಅಗತ್ಯವೇ ಬೀಳುವುದಿಲ್ಲ.

ಇನ್ನೊಂದು ಮಾತು ಸ್ವಲ್ಪ ಕಟುವಾಗಿಯೇ ಹೇಳುತ್ತೇನೆ. 1944ರ ಮಾರ್ಚ್ 9ರ ರಾತ್ರಿ ಸೋವಿಯತ್ ವಿಮಾನಗಳು ಬಾಂಬ್ ಹಾಕಿದಾಗ ‘ಉರಿಯುವ ಊರನ್ನು ನೋಡಿ ಬಾಲಕ ರೈಮೊ ಬಿಕ್ಕಿ ಬಿಕ್ಕಿ ಅತ್ತ’ ಎಂದಿದ್ದೀರಿ. ಯಾರು ನೋಡಿದರು? ದಾಖಲೆಗಾಗಿ ಜೀವ ಸವೆಸಿದವರ ಕಥೆಯಲ್ಲಿ ದಾಖಲೆಯಿಲ್ಲದ ಕಣ್ಣೀರು ಬೇಡ. ಆಗ ಅವರಿಗೆ ಒಂಬತ್ತರ ಆಸುಪಾಸು. ಅಷ್ಟು ಹೇಳಿ, ಸಾಕು. ಅದರ ಬದಲು ಅದೇ ವರ್ಷ ನಿಜವಾಗಿ ನಡೆದದ್ದನ್ನು ಬರೆಯಿರಿ: ನಗರದ ಹಳೆಯ ಕಡತಗಳ ದೊಡ್ಡ ಪಾಲನ್ನು, ಆಗ ಊರನ್ನು ವಶದಲ್ಲಿಟ್ಟುಕೊಂಡಿದ್ದ ಜರ್ಮನರು ಸಾಗಿಸಿಕೊಂಡು ಹೋದರು. ಅವು ಊರಿಗೆ ಮರಳಿದ್ದು 1990ರಲ್ಲಿ!

ಮರುವರ್ಷವೇ ಪುಲ್ಲಾತ್ ‘ವಾನಾ ಟಾಲಿನ್’ ವಾರ್ಷಿಕ ಸಂಚಿಕೆಯನ್ನು ಮತ್ತೆ ಹೊರತಂದರು. ಹೆಸರಿನ ಅರ್ಥ ‘ಹಳೆಯ ಟಾಲಿನ್’. ಅದರ ಮೇಲೆ ಒಂದು ಎಂಬ ಅಂಕಿ, ಪಕ್ಕದಲ್ಲಿ ಆವರಣ ಚಿಹ್ನೆಯೊಳಗೆ ಐದು. 1930ರ ದಶಕದಲ್ಲಿ ಶುರುವಾಗಿ ನಾಲ್ಕು ಸಂಪುಟಕ್ಕೆ ನಿಂತುಹೋಗಿದ್ದ ಸರಣಿಯ ಲೆಕ್ಕ ಅದು. ನೀವು ಇದನ್ನು ಅಡಿಟಿಪ್ಪಣಿಗೆ ತಳ್ಳಿದ್ದೀರಿ. ಅರ್ಧ ಶತಮಾನ ಕಡಿದಿದ್ದ ಎಳೆಯನ್ನು ಆ ಅಂಕಿ ಜೋಡಿಸುತ್ತದೆ. ಓದುವಾಗ ನನಗೆ ಮೈ ಜುಮ್ಮೆಂದಿತು. ಅದನ್ನು ಮೇಲಕ್ಕೆ ತನ್ನಿ.

ಎರಡು ಮಹಾಯುದ್ಧಗಳ ನಡುವೆ ಬಾಲ್ಟಿಕ್ ಸಮುದ್ರದಲ್ಲಿ ನಡೆದ ಮದ್ಯದ ಕಳ್ಳಸಾಗಣೆಯ ಭಾಗ ಸೊಗಸಾಗಿದೆ, ಆದರೆ ಇಲ್ಲಿ ಹೊಂದುವುದಿಲ್ಲ. 1919ರಿಂದ 1932ರವರೆಗೆ ಫಿನ್ಲೆಂಡಿನಲ್ಲಿದ್ದ ಪಾನನಿಷೇಧವನ್ನೂ ಸೇರಿಸಿಕೊಂಡು ಅದನ್ನೇ ಬೇರೆ ಲೇಖನ ಮಾಡಿ. ಅದನ್ನೂ ನನಗೇ ಕಳಿಸಿ.