ದೇವರ ಮುಂದೆ ದೂರು ಹೇಳಿದ ಯೆರೆಮೀಯನಿಂದ ನಂಬಿಕೆಯ ಬಗ್ಗೆ ಏನು ಕಲಿಯಬಹುದು?

ಕಷ್ಟದಲ್ಲಿ ದೇವರಿಗೆ ದೂರು ಹೇಳುವುದು ಅವಿಶ್ವಾಸವಲ್ಲವೇ, ಹಾಗಿದ್ದ ಮೇಲೆ ಉದ್ದಕ್ಕೂ ಗೋಳಾಡಿದ ಬೈಬಲಿನ ಪ್ರವಾದಿ ಯೆರೆಮೀಯನಿಂದ ವಿಶ್ವಾಸಿಗಳು ಕಲಿಯುವುದೇನಿದೆ ಎಂದು ನೀವು ಕೇಳಿದ್ದೀರಿ. ಅವನು ತನ್ನ ದೂರನ್ನು ನೇರವಾಗಿ ದೇವರ ಬಳಿಗೇ ಒಯ್ದನು ಮತ್ತು ದೂರು ಹೇಳುತ್ತಲೇ ತನಗೆ ಒಪ್ಪಿಸಿದ ಕೆಲಸವನ್ನು ಮುಂದುವರಿಸಿದನು. ನನ್ನ ದೃಷ್ಟಿಯಲ್ಲಿ ಅದೇ ಅವನ ನಂಬಿಕೆ.

ಬೆನ್ಯಾಮೀನ್ ಸೀಮೆಯ ಅನಾತೋತ್ ಎಂಬ ಊರಿನ ಯಾಜಕ ಮನೆತನದಲ್ಲಿ ಹುಟ್ಟಿದ ಇವನಿಗೆ ಪ್ರವಾದಿಯಾಗುವ ಕರೆ ಬಂದದ್ದು ಯೆಹೂದದ ಅರಸನಾದ ಯೋಷೀಯನ ಆಳ್ವಿಕೆಯ 13ನೆಯ ವರ್ಷದಲ್ಲಿ. ಮದುವೆಯಾಗಬಾರದೆಂದು ದೇವರೇ ತಡೆದರು, ಸ್ವಂತ ಊರಿನವರು ಪ್ರಾಣ ತೆಗೆಯಲು ಸಂಚು ಹೂಡಿದರು, ಅವನು ಹೇಳಿ ಬರೆಯಿಸಿದ ಸುರುಳಿಯನ್ನು ಅರಸನಾದ ಯೆಹೋಯಾಕೀಮನು ತುಂಡು ತುಂಡಾಗಿ ಕತ್ತರಿಸಿ ಬೆಂಕಿಗೆ ಹಾಕಿದನು. ಆ ಸುರುಳಿಯನ್ನು ಅವನ ಲಿಪಿಕಾರನಾದ ಬಾರೂಕನು ಮತ್ತೆ ಬರೆದನು, ಅದರಲ್ಲಿ ಇನ್ನೂ ಅನೇಕ ಮಾತುಗಳು ಸೇರಿದವು.

ನಿಮ್ಮ ಪ್ರಶ್ನೆಗೆ ತೀರಾ ಹತ್ತಿರವಾಗಿರುವುದು ಅವನ ಹೆಸರಿನ ಗ್ರಂಥದ 20ನೆಯ ಅಧ್ಯಾಯ. ದೇವಾಲಯದ ಅಧಿಕಾರಿಯಾಗಿದ್ದ ಪಷ್ಹೂರನು ಅವನನ್ನು ಹೊಡೆಸಿ ಕೋಳಕ್ಕೆ ಹಾಕಿಸಿ ಮರುದಿನ ಬಿಡಿಸುತ್ತಾನೆ. ಅದರ ಬೆನ್ನಿಗೇ ಬರುವ ಪ್ರಾರ್ಥನೆಯಲ್ಲಿ, ನೀನೇ ನನ್ನನ್ನು ಮೋಸಗೊಳಿಸಿದೆ ಎನ್ನುವಷ್ಟು ಕಠಿಣವಾಗಿ ಅವನು ದೇವರೊಡನೆ ಮಾತಾಡುತ್ತಾನೆ. ಇನ್ನು ಮೇಲೆ ದೇವರ ಹೆಸರನ್ನೇ ಎತ್ತುವುದಿಲ್ಲವೆಂದುಕೊಂಡರೂ ದೇವರ ವಾಕ್ಯವು ಎಲುಬುಗಳಲ್ಲಿ ಬೆಂಕಿಯಂತೆ ಉರಿಯುವುದರಿಂದ ಸುಮ್ಮನಿರಲು ಆಗುತ್ತಿಲ್ಲ ಎನ್ನುತ್ತಾನೆ. 13ನೆಯ ವಚನದಲ್ಲಿ ಯೆಹೋವನಿಗೆ ಹಾಡಿರಿ, ಆತನನ್ನು ಸ್ತುತಿಸಿರಿ ಎಂಬ ಕರೆಯಿದೆ. ಅಲ್ಲಿಗೇ ಓದು ನಿಲ್ಲಿಸಿದರೆ ಮನಸ್ಸಿಗೆ ಹಿತವಾಗಿರುತ್ತದೆ. ಆದರೆ 14ನೆಯ ವಚನದಲ್ಲೇ ಅವನು ತಾನು ಹುಟ್ಟಿದ ದಿನವನ್ನು ಶಪಿಸುತ್ತಾನೆ. ಸ್ತುತಿಯೂ ಶಾಪವೂ ಒಂದೇ ಬಾಯಿಂದ, ಪಕ್ಕಪಕ್ಕದಲ್ಲೇ ಬಂದಿವೆ, ಮತ್ತು ಎರಡನ್ನೂ ಪವಿತ್ರಗ್ರಂಥ ಹಾಗೆಯೇ ಉಳಿಸಿಕೊಂಡಿದೆ. ಈ ಮಾತುಗಳು ದೇವರಿಗೆ ಅಸಹನೀಯವಾಗಿದ್ದರೆ ನಮ್ಮ ಕೈಗೆ ಬರುತ್ತಿದ್ದವೇ?

ಹಾಗೆಂದು ದೇವರು ಅವನನ್ನು ಬರೀ ಸಮಾಧಾನಪಡಿಸುತ್ತಾ ಕೂರಲಿಲ್ಲ. ನೀನು ನನಗೆ ಬತ್ತಿಹೋಗುವ ಹಳ್ಳದಂತೆ ಆಗುವೆಯಾ ಎಂದು 15ನೆಯ ಅಧ್ಯಾಯದಲ್ಲಿ ಅವನು ಕೇಳಿದಾಗ, ತಿರುಗಿಕೊಂಡರೆ ಮತ್ತೆ ನನ್ನ ಸೇವೆಯಲ್ಲಿ ನಿಲ್ಲಿಸುತ್ತೇನೆ ಎಂಬ ಗಟ್ಟಿಯಾದ ಉತ್ತರವೇ ಬಂತು; ಜನರು ವಿರೋಧಿಸಿದರೂ ನಾನು ನಿನ್ನೊಂದಿಗಿರುತ್ತೇನೆ ಎಂಬ ಭರವಸೆಯೂ ಅದರ ಜೊತೆಗೇ ಬಂತು.

38ನೆಯ ಅಧ್ಯಾಯದಲ್ಲಿ ಅಧಿಕಾರಿಗಳು ಅವನನ್ನು ಹಗ್ಗಗಳಿಂದ ಒಂದು ಬಾವಿಗೆ ಇಳಿಸುತ್ತಾರೆ. ಅದರಲ್ಲಿ ನೀರಿಲ್ಲ, ಕೆಸರಿದೆ. ಅವನು ಆ ಕೆಸರಿನಲ್ಲಿ ಹೂತುಹೋಗುತ್ತಾನೆ. ತಡೆಯಬೇಕಾಗಿದ್ದ ಅರಸನಾದ ಚಿದ್ಕೀಯನು ಅಧಿಕಾರಿಗಳೆದುರು ಕೈಚೆಲ್ಲಿದ್ದನು. ಆಗ ಅರಮನೆಯಲ್ಲಿದ್ದ ಕೂಷ್ ದೇಶದ ಎಬೆದ್ಮೆಲೆಕನೆಂಬ ಪರದೇಶಿಯು ಅರಸನ ಬಳಿ ಹೋಗಿ ವಾದಿಸಿ ಜನರನ್ನು ಕರೆದುಕೊಂಡು ಬರುತ್ತಾನೆ. ಬರುವಾಗ ಉಗ್ರಾಣದ ಕೆಳಗಿನ ಕೋಣೆಯಿಂದ ಹರಿದ ಹಳೆಯ ಬಟ್ಟೆಗಳನ್ನು ತಂದು ಕೆಳಗಿಳಿಸಿ, ಹಗ್ಗ ಒತ್ತದಂತೆ ಅವುಗಳನ್ನು ಕಂಕುಳಿಗೆ ಇಟ್ಟುಕೊಳ್ಳೆಂದು ಹೇಳುತ್ತಾನೆ. ಆ ಚಿಂದಿ ಬಟ್ಟೆಗಳ ವಿವರವನ್ನು ಓದುವಾಗಲೆಲ್ಲ ನನ್ನ ಮನಸ್ಸು ಕರಗುತ್ತದೆ. ನಿನ್ನನ್ನು ಕಾಪಾಡುತ್ತೇನೆ ಎಂದು ಮೊದಲ ಅಧ್ಯಾಯದಲ್ಲಿ ದೇವರು ಕೊಟ್ಟ ಮಾತು ಇಲ್ಲಿ ನೆರವೇರಿದ್ದು, ಇನ್ನೊಬ್ಬನ ಚರ್ಮಕ್ಕೆ ನೋವಾಗಬಾರದೆಂದು ಯೋಚಿಸಿದ ಒಬ್ಬ ಮನುಷ್ಯನ ಮೂಲಕ.

ಬೈಬಲಿನಲ್ಲಿ ಕಷ್ಟಪಟ್ಟ ಇತರರಲ್ಲಿ ಯೋಬನಿಗೆ ಕಳೆದುಕೊಂಡದ್ದು ಇಮ್ಮಡಿಯಾಗಿ ಸಿಕ್ಕಿತು, ಯೋಸೇಫನು ಐಗುಪ್ತದಲ್ಲಿ (ಈಜಿಪ್ಟ್) ಅಧಿಕಾರಿಯಾದನು. ಯೆರೆಮೀಯನಿಗೆ ಅಂಥದ್ದೇನೂ ಆಗಲಿಲ್ಲ. ಯೆರೂಸಲೇಮ್ ಪಟ್ಟಣ ಬಾಬೆಲಿನವರ ವಶವಾದ ಮೇಲೆ, ಹೋಗಬೇಡಿರೆಂದು ಅವನು ಎಚ್ಚರಿಸಿದ ಐಗುಪ್ತಕ್ಕೆ ಜನರು ಅವನನ್ನೂ ಕರೆದೊಯ್ದರು. ಕಷ್ಟ ಇನ್ನೂ ಮುಗಿಯದವರಿಗೆ ನಾನು ಇವನನ್ನೇ ಮೊದಲು ಓದಲು ಹೇಳುವುದು ಈ ಕಾರಣಕ್ಕೆ.

32ನೆಯ ಅಧ್ಯಾಯವನ್ನು ದಯವಿಟ್ಟು ನಿಧಾನವಾಗಿ ಓದಿ. ಬಾಬೆಲಿನ ಸೈನ್ಯ ಯೆರೂಸಲೇಮನ್ನು ಮುತ್ತಿದೆ, ಅವನು ಸೆರೆಯಲ್ಲಿದ್ದಾನೆ. ಅಂಥ ಹೊತ್ತಿನಲ್ಲಿ ದೇವರ ಮಾತಿನಂತೆ ತನ್ನ ಚಿಕ್ಕಪ್ಪನ ಮಗನಾದ ಹನಮೇಲನಿಂದ ಅನಾತೋತಿನ ಹೊಲವನ್ನು 17 ಶೆಕೆಲ್ ಬೆಳ್ಳಿ ತೂಗಿಕೊಟ್ಟು ಕೊಳ್ಳುತ್ತಾನೆ, ಸಾಕ್ಷಿಗಳ ಮುಂದೆ ಕ್ರಯಪತ್ರಕ್ಕೆ ಮುದ್ರೆ ಹಾಕುತ್ತಾನೆ, ಅದು ಬಹುಕಾಲ ಉಳಿಯಲೆಂದು ಮಣ್ಣಿನ ಪಾತ್ರೆಯಲ್ಲಿ ಇಡಿಸುತ್ತಾನೆ. ಪತ್ರವನ್ನು ಬಾರೂಕನ ಕೈಗೆ ಕೊಟ್ಟ ಮೇಲೆಯೇ ಅವನ ಪ್ರಾರ್ಥನೆ ಬರುವುದು, ಆ ಪ್ರಾರ್ಥನೆ ಮುಗಿಯುವುದೂ ಗೊಂದಲದಲ್ಲೇ: ಪಟ್ಟಣ ಶತ್ರುವಿನ ಪಾಲಾಗುತ್ತಿರುವಾಗ ಹೊಲ ಕೊಳ್ಳಲು ಹೇಳಿದೆಯಲ್ಲಾ! ವಿಧೇಯನಾದ ಮೇಲೂ ಅವನಿಗೆ ಅರ್ಥವಾಗಿರಲಿಲ್ಲ, ಅರ್ಥವಾಗಿಲ್ಲವೆಂದು ಹೇಳಲು ಅವನು ಹೆದರಲೂ ಇಲ್ಲ. ಆದ್ದರಿಂದ ಪ್ರಾರ್ಥಿಸಲು ಮಾತೇ ಹೊರಡದ ದಿನ 15ನೆಯ ಅಧ್ಯಾಯದ 15ರಿಂದ 21ರವರೆಗಿನ ವಚನಗಳನ್ನು ಗಟ್ಟಿಯಾಗಿ ಓದಿ, ನಿಮ್ಮ ದೂರನ್ನೂ ಅದರ ಜೊತೆಗೆ ದೇವರಿಗೆ ಹೇಳಿ.