ಗುರಿ ತಪ್ಪಿದ ಗುಂಡಿಗೆ ಸಿಕ್ಕವರು ಎಚ್ಚರ ತಪ್ಪಿದ್ದರಾ?

ಮಗಳು ಓದಲು ಚಿಕಾಗೋಗೆ ಹೊರಟಿದ್ದಾಳೆ, ಅಲ್ಲಿ ಜಗಳಕ್ಕೆ ಸಂಬಂಧವೇ ಇಲ್ಲದವರಿಗೂ ಗುಂಡು ತಗಲುತ್ತದಂತೆ, ಎಚ್ಚರವಾಗಿದ್ದರೆ ಸಾಕಲ್ವಾ ಎಂದು ಕೇಳಿದ್ದೀರಿ.

ಆ ಊರಿನಲ್ಲಿ ನಾನು ನಾಲ್ಕು ವರ್ಷ ಇದ್ದೆ. ಪಕ್ಕದ ಮನೆಯ ಅಜ್ಜಿ ಒಂದು ರಾತ್ರಿ ಪಾತ್ರೆ ತೊಳೆಯುತ್ತಿದ್ದರು. ಬೀದಿಯಲ್ಲಿ ಯಾರೋ ಯಾರಿಗೋ ಹಾರಿಸಿದ ಗುಂಡು ಗೋಡೆ ತೂರಿ ಬಂದು ಅವರ ತೋಳಿಗೆ ತಗಲಿತು. ಬದುಕಿದರು. ಆದರೆ ಕಿಟಕಿಯ ಹತ್ತಿರ ಕೂರುವುದನ್ನೇ ಬಿಟ್ಟುಬಿಟ್ಟರು. ತಮ್ಮದೇ ಅಡುಗೆಮನೆಯಲ್ಲಿ ಅವರು ಇನ್ನೆಷ್ಟು ಎಚ್ಚರವಾಗಿರಬೇಕಿತ್ತು ಹೇಳಿ?

ಅಲ್ಲಿ ಎಷ್ಟೋ ಮನೆಗಳದ್ದು ಮರದ ಚೌಕಟ್ಟಿನ ತೆಳು ಗೋಡೆ. 9 ಎಂಎಂ ಪಿಸ್ತೂಲಿನ ಗುಂಡು ಸೆಕೆಂಡಿಗೆ ಸುಮಾರು 350 ಮೀಟರ್ ವೇಗದಲ್ಲಿ ಹೊರಡುತ್ತದೆ, ಅಡ್ಡ ಏನೂ ಸಿಗದಿದ್ದರೆ ಒಂದು ಕಿಲೋಮೀಟರ್ ದಾಟಿಯೂ ಹೋಗಬಲ್ಲದು. ಓಡುತ್ತಲೋ ಕಾರಿನೊಳಗಿಂದಲೋ ಹಾರಿಸುವವನಿಗೆ ಗುರಿ ಎಲ್ಲಿಂದ ಬರಬೇಕು? ತರಬೇತಿ ಪಡೆದವರಿಗೇ ಕಷ್ಟ. 2012ರ ಆಗಸ್ಟಿನಲ್ಲಿ ನ್ಯೂಯಾರ್ಕಿನ ಎಂಪೈರ್ ಸ್ಟೇಟ್ ಕಟ್ಟಡದ ಮುಂದೆ ಪೊಲೀಸರು ಒಬ್ಬ ಕೊಲೆಗಾರನ ಮೇಲೆ 16 ಗುಂಡು ಹಾರಿಸಿದರು. ದಾರಿಹೋಕರು 9 ಜನ ಗಾಯಗೊಂಡರು, ಎಲ್ಲರೂ ಪೊಲೀಸರ ಗುಂಡಿನಿಂದ ಅಥವಾ ಅದರ ಚೂರುಗಳಿಂದ.

2013ರ ಜನವರಿಯಲ್ಲಿ ಚಿಕಾಗೋದ ಪಾರ್ಕೊಂದರಲ್ಲಿ 15 ವರ್ಷದ ಹುಡುಗಿಯೊಬ್ಬಳು ಗೆಳೆಯ ಗೆಳತಿಯರ ಜೊತೆ ಮಳೆಯಿಂದ ಮರೆಯಾಗಿ ನಿಂತಿದ್ದಳು. ಇವರು ಎದುರಾಳಿ ಗ್ಯಾಂಗಿನವರು ಎಂದು ತಪ್ಪು ತಿಳಿದು ಗ್ಯಾಂಗೊಂದರ ಯುವಕ ಗುಂಡು ಹಾರಿಸಿದ. ಅವಳು ಉಳಿಯಲಿಲ್ಲ. ಅದಕ್ಕೆ ಸುಮಾರು ಒಂದು ವಾರದ ಹಿಂದಷ್ಟೇ ಒಬಾಮಾ ಅವರ ಎರಡನೇ ಪ್ರಮಾಣವಚನದ ಸಂಭ್ರಮದಲ್ಲಿ ಶಾಲೆಯ ತಂಡದೊಂದಿಗೆ ಪ್ರದರ್ಶನ ಕೊಟ್ಟು ಬಂದಿದ್ದಳು. ಅವಳ ನೆನಪಿಗೆ ಗೆಳೆಯರು ಕಿತ್ತಳೆ ಬಣ್ಣದ ಬಟ್ಟೆ ತೊಟ್ಟರು. ಕಾಡಿನಲ್ಲಿ ಬೇಟೆಗಾರರು ಹಾಕುವ ಬಣ್ಣ ಅದು. ಇಲ್ಲಿ ಮನುಷ್ಯರಿದ್ದೇವೆ, ಹೊಡೆಯಬೇಡಿ ಎಂದು ತೋರಿಸಲು. ಇದನ್ನು ನೆನೆದಾಗೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಇಂಥ ಗುಂಡಿನ ದಾಳಿ ಊರಿಗೆಲ್ಲ ಒಂದೇ ಸಮ ಹಂಚಿಲ್ಲ. ದಕ್ಷಿಣ ಮತ್ತು ಪಶ್ಚಿಮ ಭಾಗದ ಕೆಲವು ಬಡಾವಣೆಗಳಲ್ಲೇ ಜಾಸ್ತಿ. ನಿಮ್ಮ ಮಗಳು ಮನೆ ಹುಡುಕುವಾಗ ಇದು ಉಪಯೋಗಕ್ಕೆ ಬರುತ್ತದೆ. ಅಲ್ಲೇ ಹುಟ್ಟಿ ಬೆಳೆಯುವ ಮಕ್ಕಳಿಗೆ ಆ ಆಯ್ಕೆ ಇಲ್ಲ.

ಅವಳಿಗೆ ಇಷ್ಟು ಹೇಳಿಕೊಡಿ. ಸದ್ದು ಕೇಳಿದ ಕೂಡಲೇ ನೆಲಕ್ಕೆ ಮಲಗಬೇಕು. ಏನಾಯ್ತು ಎಂದು ಕಿಟಕಿಗೆ ಹೋಗಿ ಇಣುಕಬಾರದು. ಕಾರಿನ ಬಾಗಿಲು ಗುಂಡು ತಡೆಯುವುದಿಲ್ಲ, ಮರೆ ಬೇಕಾದರೆ ಎಂಜಿನ್ ಇರುವ ಕಡೆ ಬಗ್ಗಬೇಕು. ಸದ್ದು ನಿಂತ ಮೇಲೆ ಅಲ್ಲಿನ ತುರ್ತು ಸಂಖ್ಯೆ 911ಕ್ಕೆ ಕರೆ. ಯಾರಿಗಾದರೂ ಗಾಯವಾಗಿದ್ದರೆ ಬಟ್ಟೆ ಇಟ್ಟು ಜೋರಾಗಿ ಒತ್ತಿ ಹಿಡಿಯಬೇಕು, ಆಂಬುಲೆನ್ಸ್ ಬರುವವರೆಗೂ ಕೈ ತೆಗೆಯಬಾರದು. ದೊಡ್ಡ ರಕ್ತನಾಳ ಹರಿದರೆ ಕೆಲವೇ ನಿಮಿಷದಲ್ಲಿ ಜೀವ ಹೋಗುತ್ತದೆ. ಅಜ್ಜಿಯ ತೋಳನ್ನು ಅವರ ಮೊಮ್ಮಗ ಹೀಗೇ ಒತ್ತಿ ಹಿಡಿದಿದ್ದ. ಅವನಿಗಾಗ ಹನ್ನೊಂದು ವರ್ಷ.