ಚಿಮಣಿ ಮೊದಲೋ, ಗೋಡೆ ಮೊದಲೋ?

ಪ್ರಶ್ನೆ: ನಮ್ಮ ಹಳೆಯ ಮನೆಯ ಅಡುಗೆಮನೆಯನ್ನು ಹೊಸದಾಗಿ ಮಾಡಿಸುತ್ತಿದ್ದೇವೆ. ಚಿಮಣಿ, ಇಂಡಕ್ಷನ್ ಒಲೆ, ಫ್ರಿಜ್‌ಗಳನ್ನು ಕೆಲಸವೆಲ್ಲ ಮುಗಿದ ಮೇಲೆ ಆರಿಸಿದರೆ ಆಗದೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ದಯವಿಟ್ಟು ಹಾಗೆ ಮಾಡಬೇಡಿ. ಕೊಳ್ಳುವುದು ತಡವಾದರೂ ಚಿಂತೆಯಿಲ್ಲ. ಆದರೆ ಮಾದರಿಗಳನ್ನು ಗೊತ್ತುಮಾಡಿ, ಅವುಗಳ ಅಳತೆಯನ್ನು ಬಡಗಿಗೂ ಎಲೆಕ್ಟ್ರಿಷಿಯನ್‌ಗೂ ಕೊಡುವುದು ಗೋಡೆ ಒಡೆಯುವ ಮೊದಲೇ ಆಗಬೇಕು. 2000 ವ್ಯಾಟ್‌ನ ಇಂಡಕ್ಷನ್ ಒಲೆಯು 230 ವೋಲ್ಟ್‌ನಲ್ಲಿ ಸುಮಾರು 9 ಆಂಪಿಯರ್ ವಿದ್ಯುತ್ ಎಳೆಯುವುದರಿಂದ ಹಳೆಯ 6 ಆಂಪಿಯರ್ ಸಾಕೆಟ್ ಅದನ್ನು ತಾಳಲಾರದು. ಅದಕ್ಕೆ 16 ಆಂಪಿಯರ್‌ನ ಪ್ರತ್ಯೇಕ ಲೈನನ್ನೇ ಎಳೆಸಿ.

ಚಿಮಣಿಯ ವಿಷಯದಲ್ಲಿ ಅಂಗಡಿಯವರು ಹೀರುವ ಶಕ್ತಿಯ ಅಂಕಿಯನ್ನೇ ಮುಂದಿಡುತ್ತಾರೆ. ನನ್ನ ಮಟ್ಟಿಗೆ ಅದಕ್ಕಿಂತ ಮುಖ್ಯವಾದದ್ದು ಹೊಗೆಕೊಳವೆಯ ದಾರಿ. ಕೊಳವೆ ಉದ್ದವಾದಷ್ಟೂ, ತಿರುವುಗಳು ಹೆಚ್ಚಿದಷ್ಟೂ ಎಳೆತ ಕುಗ್ಗುತ್ತದೆ. ಬ್ಯಾಡಗಿ ಮೆಣಸಿನಕಾಯಿ ಹುರಿದ ಘಾಟು ನಡುಮನೆಗೆ ನುಗ್ಗುವುದು ಆಗಲೇ. ಆದ್ದರಿಂದ ಒಲೆಯನ್ನು ಸಾಧ್ಯವಾದಷ್ಟು ಹೊರಗೋಡೆಯ ಪಕ್ಕಕ್ಕೆ ತನ್ನಿ. ಎರಡು ಬರ್ನರ್‌ನ ಒಲೆಗೆ 60 ಸೆಂಟಿಮೀಟರ್ ಅಗಲದ ಚಿಮಣಿ ಸಾಕು. ಮೂರು, ನಾಲ್ಕಕ್ಕೆ 90 ಬೇಕಾಗುತ್ತದೆ. ಕೊಳವೆಯಿಲ್ಲದ, ಇದ್ದಿಲು ಫಿಲ್ಟರಿನ ಚಿಮಣಿಯು ಬಿಸಿಯನ್ನೂ ಹಬೆಯನ್ನೂ ಒಳಗೇ ಬಿಡುವುದರಿಂದ ಬೇರೆ ದಾರಿಯಿದ್ದರೆ ಅದನ್ನು ಒಪ್ಪಬೇಡಿ.

ಫ್ರಿಜ್‌ಗೆ ಸ್ಟಾರ್ ಲೇಬಲ್ಲಿನಲ್ಲಿರುವ ವಾರ್ಷಿಕ ಯೂನಿಟ್ಟನ್ನು ಹೋಲಿಸಿ ನೋಡಿ. ಬಾಗಿಲು ಪೂರ್ತಿ ತೆರೆದು ತರಕಾರಿ ಡಬ್ಬಿ ಹೊರಬರುವಷ್ಟು ಜಾಗವನ್ನೂ ಬಿಡಿಸಿ. ದೋಸೆಹಿಟ್ಟಿನ ಗ್ರೈಂಡರ್‌ಗೆ ತಗ್ಗಿನ ಕಟ್ಟೆಯೊಂದನ್ನೂ ಅದರ ಬದಿಗೇ ಒಂದು ಸಾಕೆಟ್ಟನ್ನೂ ಈಗಲೇ ಇಡಿಸಿಕೊಳ್ಳಿ. ಭಾರದ ಆ ಯಂತ್ರವನ್ನು ವಾರವಾರ ಎತ್ತಿಳಿಸುವ ಕಷ್ಟ ಮನೆಯ ಹಿರಿಯರಿಗೆ ತಪ್ಪುತ್ತದೆ.